ಹೆಡ್‌ಫೋನಿಗೆ ತಕ್ಕ ಆಂಪ್ಲಿಫೈಯರ್: ಮೊದಲು ಲೆಕ್ಕ, ಆಮೇಲೆ ಕಿವಿ

ಒಳ್ಳೆಯ ಹೆಡ್‌ಫೋನ್ ಕೊಂಡವರು ಆಂಪ್ಲಿಫೈಯರ್ ಹುಡುಕಲು ಹೊರಟಾಗ ಮೊದಲು ಕೇಳುವುದು ಯಾವುದರ ದನಿ ಚೆನ್ನಾಗಿದೆ ಎಂದು. ನನ್ನ ಅನುಭವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಆ ಹೆಡ್‌ಫೋನಿಗೆ ಎಷ್ಟು ವೋಲ್ಟೇಜ್ ಬೇಕು, ಎಷ್ಟು ಕರೆಂಟ್ ಬೇಕು, ಆಂಪಿನ ಔಟ್‌ಪುಟ್ ಇಂಪಿಡೆನ್ಸ್ (ಅದರೊಳಗಿನ ವಿದ್ಯುತ್ ತಡೆ) ಎಷ್ಟಿದೆ ಎಂಬುದು ಗೊತ್ತಾಗಬೇಕು. ರಾಯಚೂರಿನಲ್ಲಿದ್ದು ಈ ಹವ್ಯಾಸ ನಡೆಸುವ ನಮ್ಮಂಥವರಿಗೆ ಇದು ಇನ್ನೂ ಮುಖ್ಯ. ನಾಲ್ಕಾರು ಆಂಪ್‌ಗಳನ್ನು ಸಾಲಾಗಿಟ್ಟು ಕೇಳಿಸುವ ಅಂಗಡಿ ಬೇಕೆಂದರೆ ನಾವು ಹೈದರಾಬಾದಿಗೋ ಬೆಂಗಳೂರಿಗೋ ರೈಲು ಹತ್ತಬೇಕು, ಇಲ್ಲವೇ ಕೇಳದೆಯೇ ತರಿಸಿಕೊಳ್ಳಬೇಕು. ಕೇಳದೆ ಕೊಳ್ಳುವಾಗ ಹಣ ಉಳಿಸುವುದು ಒಂದು ಹಾಳೆಯ ಮೇಲೆ ಮಾಡಿದ ಲೆಕ್ಕವೇ.

ಹೆಡ್‌ಫೋನಿನ ವಿವರಪಟ್ಟಿಯಲ್ಲಿ ಎರಡು ಅಂಕಿಗಳನ್ನು ಹುಡುಕಿರಿ. ಒಂದು ಇಂಪಿಡೆನ್ಸ್, ಅಂದರೆ ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆ, ಅದು ಓಮ್‌ನಲ್ಲಿರುತ್ತದೆ. ಇನ್ನೊಂದು ಸೆನ್ಸಿಟಿವಿಟಿ, ಅಂದರೆ ಇಷ್ಟು ವಿದ್ಯುತ್ ಕೊಟ್ಟರೆ ಇಷ್ಟು ಡೆಸಿಬೆಲ್ ದನಿ ಬರುತ್ತದೆ ಎಂಬ ಲೆಕ್ಕ. ಈ ಎರಡನೆಯ ಅಂಕಿಯಲ್ಲಿ ಹಲವರು ಎಡವುತ್ತಾರೆ, ಏಕೆಂದರೆ ಕೆಲವು ಕಂಪನಿಗಳು ಅದನ್ನು 1 ಮಿಲಿವ್ಯಾಟ್‌ಗೆ ಬರೆದರೆ ಇನ್ನು ಕೆಲವು 1 ವೋಲ್ಟ್‌ಗೆ ಬರೆಯುತ್ತವೆ. ಸೆನ್‌ಹೈಸರ್ ಎಚ್‌ಡಿ 650ರ ಇಂಪಿಡೆನ್ಸ್ 300 ಓಮ್, ಸೆನ್ಸಿಟಿವಿಟಿ 1 ವೋಲ್ಟ್‌ಗೆ 103 ಡೆಸಿಬೆಲ್. 300 ಓಮ್‌ಗೆ 1 ವೋಲ್ಟ್ ಎಂದರೆ ಸುಮಾರು 3.3 ಮಿಲಿವ್ಯಾಟ್ ಆದುದರಿಂದ, ಅದೇ ಹೆಡ್‌ಫೋನ್ ಮಿಲಿವ್ಯಾಟ್ ಲೆಕ್ಕದಲ್ಲಿ ಸುಮಾರು 98 ಡೆಸಿಬೆಲ್‌ಗೆ ಇಳಿಯುತ್ತದೆ. ಈ ಎರಡು ಅಳತೆಗಳನ್ನು ಒಂದೇ ಎಂದುಕೊಂಡು ಎರಡು ಹೆಡ್‌ಫೋನ್‌ಗಳನ್ನು ಹೋಲಿಸುವುದು ಸೇರನ್ನೂ ಕಿಲೋವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತೆ.

ಈಗ ಲೆಕ್ಕಕ್ಕೆ ಬರೋಣ. ಸಂಗೀತದಲ್ಲಿ ಕ್ಷಣಮಾತ್ರಕ್ಕೆ ಏರುವ ಶಿಖರಗಳಿಗೆ 110 ಡೆಸಿಬೆಲ್ ಸಿಕ್ಕರೆ ಯಾವ ಹೆಡ್‌ಫೋನಿಗೂ ಸಾಕು. ಸರಾಸರಿ ದನಿ ಅದಕ್ಕಿಂತ ಬಹಳ ಕೆಳಗಿರುತ್ತದೆ, ಇರಲೂಬೇಕು. ಪ್ರತಿ 10 ಡೆಸಿಬೆಲ್‌ಗೆ ವಿದ್ಯುತ್ ಹತ್ತು ಪಟ್ಟು ಬೇಕಾಗುತ್ತದೆ. 98ರಿಂದ 110ಕ್ಕೆ ಏರಬೇಕಾದ ಎಚ್‌ಡಿ 650ಕ್ಕೆ 16 ಮಿಲಿವ್ಯಾಟ್ ಸಾಕಾಗುತ್ತದೆ, ಆದರೆ 300 ಓಮ್‌ನ ಮೂಲಕ ಅದನ್ನು ತಳ್ಳಲು ಸುಮಾರು 2.2 ವೋಲ್ಟ್ ಬೇಕು. ಫೋನಿಗೆ ಸಿಕ್ಕಿಸುವ ಸಣ್ಣ ಡಾಂಗಲ್‌ಗಳಲ್ಲಿ ಹಲವು 1 ವೋಲ್ಟ್ ಆಸುಪಾಸಿನಲ್ಲೇ ನಿಲ್ಲುವುದರಿಂದ ಮೆಲುದನಿಯಲ್ಲಿ ಮುದ್ರಿತವಾದ ಸಂಗೀತಕ್ಕೆ ಅವು ಸಾಲುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಹೈಫೈಮ್ಯಾನ್ ಕಂಪನಿಯ ಸುಸ್ವರ. ಹೆಸರು ಕೇಳಿದರೆ ನಮ್ಮ ಮನೆಯದೇ ಅನಿಸುವ ಈ ಪ್ಲೇನರ್ (ಹಾಳೆಯಂಥ ತೆಳು ಪೊರೆ ಕಂಪಿಸಿ ದನಿ ಕೊಡುವ) ಹೆಡ್‌ಫೋನಿನ ಇಂಪಿಡೆನ್ಸ್ ಬರೀ 60 ಓಮ್, ಆದರೆ ಸೆನ್ಸಿಟಿವಿಟಿ 83 ಡೆಸಿಬೆಲ್. 110ಕ್ಕೆ ಮುಟ್ಟಲು ಇನ್ನೂ 27 ಡೆಸಿಬೆಲ್ ಏರಬೇಕು, ಅಂದರೆ 500 ಮಿಲಿವ್ಯಾಟ್, 5.5 ವೋಲ್ಟ್ ಮತ್ತು 90 ಮಿಲಿಆಂಪಿಯರ್. ಎಚ್‌ಡಿ 650 ಕೇಳುವ ಕರೆಂಟ್ 7 ಮಿಲಿಆಂಪಿಯರ್ ಮಾತ್ರ. ಓಮ್ ಹೆಚ್ಚಿದ್ದರೆ ಓಡಿಸುವುದು ಕಷ್ಟ, ಕಡಿಮೆ ಇದ್ದರೆ ಸುಲಭ ಎಂಬ ಜನಜನಿತ ಮಾತು ಎಷ್ಟು ಅಪೂರ್ಣವೆಂಬುದು ಈ ಎರಡನ್ನು ಅಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

ಆಂಪಿನ ಪೆಟ್ಟಿಗೆಯ ಮೇಲಿನ ಅಂಕಿಯನ್ನೂ ಹೀಗೆಯೇ ಬಿಡಿಸಿ ನೋಡಬೇಕು. 32 ಓಮ್‌ಗೆ 1 ವ್ಯಾಟ್ ಎಂದು ಬರೆದಿದ್ದರೆ ಅದು ಸುಮಾರು 5.6 ವೋಲ್ಟ್ ಕೊಡಬಲ್ಲದು ಎಂದರ್ಥ. ಅದೇ ವೋಲ್ಟೇಜ್ 300 ಓಮ್‌ಗೆ 107 ಮಿಲಿವ್ಯಾಟ್ ಆಗುತ್ತದೆ. ಎಚ್‌ಡಿ 650ಕ್ಕೆ ಅದು ಧಾರಾಳ, ಸುಸ್ವರಕ್ಕೆ ಅಂಚಿನಲ್ಲಿ ಸಾಕು. ಬ್ಯಾಲೆನ್ಸ್ಡ್ ಔಟ್‌ಪುಟ್ (ಎಡ ಬಲಗಳಿಗೆ ಬೇರೆಬೇರೆ ನೆಗೆಟಿವ್ ತಂತಿ ಇರುವಂಥದ್ದು) ಇದ್ದರೆ ವೋಲ್ಟೇಜ್ ಸಾಮಾನ್ಯವಾಗಿ ಎರಡು ಪಟ್ಟಾಗುತ್ತದೆ, ಅದೇ ಅದರ ನಿಜವಾದ ಪ್ರಯೋಜನ. ಆದರೆ ಬ್ಯಾಲೆನ್ಸ್ಡ್ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ಮಾಮೂಲಿ ಮೂರು ಸಂಪರ್ಕದ ಜ್ಯಾಕನ್ನು ಎಂದೂ ಚುಚ್ಚಬೇಡಿ. ಎಡ ಬಲಗಳ ನೆಗೆಟಿವ್ ತುದಿಗಳು ಒಂದಾಗಿ ಶಾರ್ಟ್ ಆದರೆ ಆಂಪ್ ಸುಟ್ಟುಹೋಗಬಹುದು.

ವಿದ್ಯುತ್ ಸಾಕೆಂದು ಖಚಿತವಾದ ಮೇಲೆ ನೋಡಬೇಕಾದ್ದು ಔಟ್‌ಪುಟ್ ಇಂಪಿಡೆನ್ಸ್. ಆಂಪುಗಳ ದನಿಯಲ್ಲಿ ನಿಜವಾಗಿ ಕೇಳಿಸುವ ವ್ಯತ್ಯಾಸದ ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸುರುಳಿ ಮತ್ತು ಅಯಸ್ಕಾಂತದಿಂದ ಕೆಲಸ ಮಾಡುವ ಡೈನಾಮಿಕ್ ಹೆಡ್‌ಫೋನಿನ ಇಂಪಿಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಆಗಿರುವುದಿಲ್ಲ. ಎಚ್‌ಡಿ 650ರಲ್ಲಿ ಅದು ಮಧ್ಯಸ್ವರಗಳಲ್ಲಿ 300 ಇದ್ದು, 100 ಹರ್ಟ್ಜ್ ಸಮೀಪದಲ್ಲಿ 500ರ ಹತ್ತಿರಕ್ಕೆ ಏರುತ್ತದೆ. ಆಂಪಿನ ಔಟ್‌ಪುಟ್ ಇಂಪಿಡೆನ್ಸ್ 1 ಓಮ್ ಇದ್ದರೆ ಈ ಏರಿಳಿತದಿಂದ ಏನೂ ಆಗದು. 120 ಓಮ್ ಇದ್ದರೆ ವೋಲ್ಟೇಜ್ ಆಂಪ್ ಮತ್ತು ಹೆಡ್‌ಫೋನಿನ ನಡುವೆ ಹಂಚಿಹೋಗಿ, ಮಂದ್ರದಲ್ಲಿ ಸುಮಾರು 1 ಡೆಸಿಬೆಲ್ ಉಬ್ಬು ಬರುತ್ತದೆ. ಅದು ಕೆಲವರಿಗೆ ಬೆಚ್ಚಗಿನ ದನಿ ಎನಿಸಿ ಹಿತವಾಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ 32 ಓಮ್‌ನ ಹೆಡ್‌ಫೋನ್ ಮಂದ್ರದಲ್ಲಿ 100 ಓಮ್‌ಗೆ ಏರುವಂಥದ್ದಾಗಿದ್ದರೆ, ಅದೇ 120 ಓಮ್‌ನ ಆಂಪಿನಲ್ಲಿ ಉಬ್ಬು 6 ಡೆಸಿಬೆಲ್ ದಾಟಿ, ಡಗ್ಗದ ಗುಮುಕಿಯಲ್ಲಿ ಗಾಯಕರ ಮಾತೇ ಮುಳುಗುತ್ತದೆ. ಆದುದರಿಂದ ಆಂಪಿನ ಔಟ್‌ಪುಟ್ ಇಂಪಿಡೆನ್ಸ್ ಹೆಡ್‌ಫೋನಿನದರ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಎಂಬ ಸೂತ್ರವನ್ನು ಈ ಕ್ಷೇತ್ರದವರು ಪಾಲಿಸುತ್ತಾರೆ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಟ್ಯೂಬ್ ಆಂಪುಗಳು 300 ಅಥವಾ 600 ಓಮ್‌ನ ಹೆಡ್‌ಫೋನಿಗೆ ಏಕೆ ಒಪ್ಪುತ್ತವೆ, 32 ಓಮ್‌ನದಕ್ಕೆ ಏಕೆ ಒಪ್ಪುವುದಿಲ್ಲ ಎಂಬುದಕ್ಕೂ ಇದೇ ಕಾರಣ. ಅವುಗಳ ಔಟ್‌ಪುಟ್ ಇಂಪಿಡೆನ್ಸ್ ಹೆಚ್ಚು, ಕೊಡುವ ಕರೆಂಟ್ ಕಡಿಮೆ. ಬೇಯರ್‌ಡೈನಾಮಿಕ್ ಡಿಟಿ 880 ಅನ್ನು 32, 250, 600 ಓಮ್ ಎಂಬ ಮೂರು ಬಗೆಯಲ್ಲಿ ಮಾಡಿದ್ದಾರೆ. ಟ್ಯೂಬ್ ಆಂಪ್ ಇರುವವರು 600ರದನ್ನು ಆರಿಸುವುದು ಸರಿ. ಪ್ಲೇನರ್‌ಗಳ ಇಂಪಿಡೆನ್ಸ್ ಮಂದ್ರದಿಂದ ತಾರದವರೆಗೆ ಬಹುತೇಕ ಸಮತಟ್ಟಾಗಿರುವುದರಿಂದ ಅವುಗಳ ಸ್ವರಸಮತೋಲ ಕೆಡುವುದಿಲ್ಲ, ಶಕ್ತಿ ಮಾತ್ರ ಸೋರುತ್ತದೆ. ಸ್ಟ್ಯಾಕ್ಸ್‌ನಂಥ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್‌ಗಳ ದಾರಿಯೇ ಬೇರೆ. ಅವುಗಳಿಗೆ 580 ವೋಲ್ಟ್ ಬಯಾಸ್ (ಪೊರೆಗೆ ಸದಾ ಕೊಡುವ ಸ್ಥಿರ ವೋಲ್ಟೇಜ್) ಕೊಡುವ ಪ್ರತ್ಯೇಕ ಆಂಪೇ ಬೇಕು.

ಹೋಲಿಕೆಗೆ ಕೂರುವ ಮುನ್ನ ಮನೆಯ ಕರೆಂಟಿನ ಗುಣವನ್ನು ನೋಡಿಕೊಳ್ಳಬೇಕು. ನಮ್ಮ ಕಡೆ ಎರಡು ತೊಂದರೆಗಳು ಹೆಚ್ಚು. ಮೊದಲನೆಯದು ಇನ್ವರ್ಟರ್. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಆಂಪ್ ಓಡಿದರೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ಆ ಸದ್ದು ಕೆಲವೊಮ್ಮೆ ಕಿವಿಯವರೆಗೂ ಬರುತ್ತದೆ. ಅಂಥ ಹೊತ್ತಿನಲ್ಲಿ ಯಾವ ತೀರ್ಪನ್ನೂ ಕೊಡಬೇಡಿ. ಸೈನ್ ವೇವ್ ಇನ್ವರ್ಟರ್ ಇದ್ದರೆ ಚಿಂತೆಯಿಲ್ಲ. ಎರಡನೆಯದು ಅರ್ತಿಂಗ್. ಉಪ್ಪು ಇದ್ದಿಲು ಹಾಕಿ ಮಾಡಿದ ಅರ್ತಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ಬಿರಿದು, ಅದರ ರೋಧ ಏರುತ್ತದೆ. ನಮ್ಮ ಮನೆಯಲ್ಲಿ ಏಪ್ರಿಲ್ ಹೊತ್ತಿಗೆ ಹೆಡ್‌ಫೋನಿನಲ್ಲಿ ಸಣ್ಣ ಗುನುಗು ಶುರುವಾಗುತ್ತಿತ್ತು; ಗುಂಡಿಗೆ ವಾರಕ್ಕೆರಡು ಸಲ ನಾಲ್ಕು ಕೊಡ ನೀರು ಹೊಯ್ಯತೊಡಗಿದ ಮೇಲೆ ನಿಂತಿತು. ಲ್ಯಾಪ್‌ಟಾಪಿನಿಂದ ಹಾಡು ಬರುತ್ತಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಒಮ್ಮೆ ಕೇಳಿರಿ. ಗುನುಗು ಆಗ ನಿಂತರೆ ದೋಷ ಆಂಪಿನದ್ದಲ್ಲ, ಗ್ರೌಂಡ್ ಲೂಪಿನದ್ದು, ಅಂದರೆ ಉಪಕರಣಗಳ ಅರ್ತಿಂಗ್ ದಾರಿಗಳು ಸೇರಿ ಆದ ಸುತ್ತಿನದ್ದು. ಅರ್ತಿಂಗ್ ಪಿನ್ ಮುರಿದು ಗುನುಗು ಕಳೆಯುವ ಅಪಾಯದ ಕೆಲಸಕ್ಕೆ ಮಾತ್ರ ಯಾರೂ ಕೈಹಾಕಬಾರದು.

ಸೆಕೆಯ ಮಾತೂ ಇದೆ. ನಲವತ್ತು ಡಿಗ್ರಿ ದಾಟಿದ ದಿನ ಫ್ಯಾನ್ ನಿಲ್ಲಿಸಿ ಕೂರಲಾಗದು, ಫ್ಯಾನ್ ತಿರುಗುತ್ತಿದ್ದರೆ ಹಿಂಬದಿ ತೆರೆದಿರುವ ಓಪನ್ ಬ್ಯಾಕ್ ಹೆಡ್‌ಫೋನಿನಲ್ಲಿ ತಂಬೂರಿಯ ಕೊನೆಯ ಎಳೆಗಳು ಗಾಳಿಯ ಸದ್ದಿನಲ್ಲಿ ಕರಗಿಹೋಗುತ್ತವೆ. ನಾನು ಹೋಲಿಕೆಯನ್ನೆಲ್ಲ ಬೆಳಗಿನ ಐದು ಗಂಟೆಗೆ, ಸಾಧ್ಯವಾದರೆ ಡಿಸೆಂಬರ್ ಜನವರಿಯಲ್ಲಿ ಮಾಡುತ್ತೇನೆ. ಕ್ಲಾಸ್ ಎ ಆಂಪುಗಳೂ ಟ್ಯೂಬ್ ಆಂಪುಗಳೂ ಸುಮ್ಮನಿದ್ದಾಗಲೂ ಕಾಯುವುದರಿಂದ, ಅವನ್ನು ಗೂಡಿನಲ್ಲಿ ತುರುಕದೆ ಸುತ್ತಲೂ ಗಾಳಿಯಾಡುವಂತೆ ಇಡಬೇಕು.

ಇನ್ನು ಹೋಲಿಕೆಯ ಜೀವಾಳವಾದ ವಿಷಯ: ಎರಡು ಆಂಪುಗಳ ದನಿಯ ಮಟ್ಟ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಬಾರದು. ಕೆಲವು ವರ್ಷಗಳ ಹಿಂದೆ ನಾನು ಎರಡನೆಯ ಆಂಪ್ ತರಿಸಿದಾಗ ಹಳೆಯದಕ್ಕಿಂತ ಅದರ ಮಂದ್ರ ತುಂಬಿದೆ, ಹಾಡಿನ ಒಳಹೊರಗು ತೆರೆದುಕೊಂಡಿದೆ ಎಂದು ಒಂದು ವಾರ ನಂಬಿದ್ದೆ. ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಗೆಳೆಯರೊಬ್ಬರನ್ನು ಕರೆದು ಕೇಳಿಸಿದೆ. ಅವರು ಎರಡನ್ನೂ ಎರಡೆರಡು ಸಲ ಹಾಕಿಕೊಂಡು, ಹೆಡ್‌ಫೋನ್ ತೆಗೆದು ಮಂಡಿಯ ಮೇಲಿಟ್ಟು, “ಸರ, ಇದು ಜೋರು ಐತ್ರಿ, ಅಷ್ಟ” ಎಂದರು. ಮರುದಿನ ಅವರದೇ ಮಲ್ಟಿಮೀಟರ್ ತಂದು ಅಳೆದರೆ ಹಳೆಯದರಲ್ಲಿ 0.50 ವೋಲ್ಟ್, ಹೊಸದರಲ್ಲಿ 0.59. ಒಂದೂವರೆ ಡೆಸಿಬೆಲ್‌ನಷ್ಟು ಈ ಅಂತರ ಜೋರು ಎಂದು ಕಿವಿಗೆ ಹೊಳೆಯುವುದು ಕಷ್ಟ, ಚೆನ್ನಾಗಿದೆ ಎಂದು ಹೊಳೆಯುತ್ತದೆ. ದನಿ ಏರಿದಂತೆ ನಮ್ಮ ಕಿವಿಗೆ ಮಂದ್ರ ಹೆಚ್ಚು ಕೇಳಿಸುತ್ತದೆ ಎಂಬುದನ್ನು ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಮಟ್ಟ ಸರಿಪಡಿಸಿದ ಮೇಲೆ ನಾನು ಮೆಚ್ಚಿದ್ದ ತುಂಬು ಮಂದ್ರ ಹೊಸ ಆಂಪಿನಲ್ಲಿ ಉಳಿಯಲಿಲ್ಲ.

ಅಳೆಯುವ ವಿಧಾನ ಹೀಗೆ. 400 ಹರ್ಟ್ಜ್‌ನ ಶುದ್ಧ ಸ್ವರದ ಫೈಲ್ ಒಂದನ್ನು ಇಟ್ಟುಕೊಳ್ಳಿ. ಸಾಧಾರಣ ಮೀಟರ್‌ಗಳು ಮನೆಯ ಕರೆಂಟಿನ 50 ಹರ್ಟ್ಜ್‌ಗಾಗಿ ಮಾಡಿದವು, ಹೆಚ್ಚಿನ ಆವರ್ತನದಲ್ಲಿ ಅವನ್ನು ನಂಬಲಾಗದು. ಮೀಟರಿಗೆ ಎಸಿ 2 ವೋಲ್ಟಿನ ರೇಂಜ್ ಇರಲೇಬೇಕು. ಅಗ್ಗದ ಹಳದಿ ಮೀಟರ್‌ಗಳಲ್ಲಿ ಹಲವಕ್ಕೆ ಎಸಿಯ ಕನಿಷ್ಠ ರೇಂಜೇ 200 ವೋಲ್ಟ್, ಅವು ಇಲ್ಲಿ ಕೆಲಸಕ್ಕೆ ಬಾರವು. ಎರಡು ಕವಲಿನ ಸ್ಪ್ಲಿಟರ್ ಚುಚ್ಚಿ, ಒಂದು ಕವಲಿಗೆ ಹೆಡ್‌ಫೋನ್, ಇನ್ನೊಂದಕ್ಕೆ ತಂತಿ ಬೆಸೆದ ಖಾಲಿ ಜ್ಯಾಕ್ ಹಾಕಿ, ಎಡದ ತಂತಿ ಮತ್ತು ಗ್ರೌಂಡ್ ನಡುವೆ ಮೀಟರ್ ಹಿಡಿಯಿರಿ. ತಂತಿಗಳು ಒಂದಕ್ಕೊಂದು ತಾಗದಂತೆ ಟೇಪ್ ಸುತ್ತಿರಬೇಕು. ಹೆಡ್‌ಫೋನನ್ನು ಕಿತ್ತು ಅಳೆದರೆ ಔಟ್‌ಪುಟ್ ಇಂಪಿಡೆನ್ಸಿನ ಪರಿಣಾಮ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕಾಗಿ ಅದು ಸಿಕ್ಕಿಕೊಂಡೇ ಇರಬೇಕು. ಆದರೆ ತಲೆಯ ಮೇಲೆ ಇರಬಾರದು, ಸ್ವರ ಕಿವಿಗೆ ಚುಚ್ಚುವಷ್ಟು ಜೋರಾಗಿರುತ್ತದೆ. ಮೊದಲನೆಯ ಆಂಪನ್ನು 0.500 ವೋಲ್ಟಿಗೆ ನಿಲ್ಲಿಸಿ, ಎರಡನೆಯದನ್ನು 0.495ರಿಂದ 0.505ರೊಳಗೆ ತನ್ನಿ. ಆಗ ಅಂತರ 0.1 ಡೆಸಿಬೆಲ್ ಮೀರುವುದಿಲ್ಲ. ವಾಲ್ಯೂಮ್ ಗುಂಡಿಗಳ ಪಕ್ಕ ಪೆನ್ಸಿಲ್ ಗುರುತು ಹಾಕಿ, ಆಮೇಲೆ ಮುಟ್ಟಬೇಡಿ. ಎರಡಕ್ಕೂ ಒಂದೇ ಡ್ಯಾಕ್ (ಡಿಜಿಟಲ್ ಫೈಲನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ), ಒಂದೇ ಕೇಬಲ್, ಒಂದೇ ಹೆಡ್‌ಫೋನ್ ಇರಬೇಕೆಂದು ಬೇರೆ ಹೇಳಬೇಕಿಲ್ಲ.

ಕೇಳಲು ಚೆನ್ನಾಗಿ ಪರಿಚಯವಿರುವ ಸಂಗೀತವನ್ನೇ ಆರಿಸಿ. ನಾನು ನಮ್ಮ ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನದ ಹಳೆಯ ಮುದ್ರಣವನ್ನು ಇಟ್ಟುಕೊಂಡಿದ್ದೇನೆ. ದನಿ ಏರುವಾಗ ಗಂಟಲಿನ ಒರಟು ಕಿರಿಚಾಗುತ್ತದೆಯೇ, ಹಾರ್ಮೋನಿಯಂ ಮತ್ತು ಕಂಠ ಒಂದೇ ಸ್ವರಕ್ಕೆ ಬಂದಾಗ ಬೇರೆಬೇರೆಯಾಗಿ ಉಳಿಯುತ್ತವೆಯೇ, ಟೇಪಿನ ಸುಯ್‌ ಸದ್ದು ಎಷ್ಟು ಮುಂದೆ ಬರುತ್ತದೆ ಎಂಬುದನ್ನು ಗಮನಿಸುತ್ತೇನೆ. ಇದರ ಜೊತೆಗೆ ಇತ್ತೀಚಿನ ಶುದ್ಧ ಮುದ್ರಣವೊಂದು, ತಬಲಾ ಸೋಲೊ ಇದ್ದರೆ ಉತ್ತಮ, ಇರಲಿ. ಇಡೀ ಹಾಡು ಕೇಳಿ ಮತ್ತೊಂದು ಆಂಪಿಗೆ ಹೋಗಬೇಡಿ. ದನಿಯ ಸೂಕ್ಷ್ಮ ನೆನಪು ಕೆಲವೇ ಸೆಕೆಂಡ್ ಉಳಿಯುವುದರಿಂದ ಹತ್ತು ಹದಿನೈದು ಸೆಕೆಂಡಿನ ಒಂದೇ ತುಣುಕನ್ನು ಹಿಂದುಮುಂದಾಗಿ ಕೇಳಬೇಕು.

ವ್ಯತ್ಯಾಸ ಸಿಕ್ಕಿತೆನಿಸಿದರೆ ಮನೆಯವರೊಬ್ಬರನ್ನು ಕೂರಿಸಿ, ನೀವು ಕಣ್ಣು ಮುಚ್ಚಿಕೊಂಡು, ಅವರು ನಾಣ್ಯ ಚಿಮ್ಮಿ ಬಂದಂತೆ ಆಂಪ್ ಬದಲಿಸಲಿ. ಅದೇ ಆಂಪ್ ಮತ್ತೆ ಬಂದರೂ ಜ್ಯಾಕನ್ನು ಕಿತ್ತು ಚುಚ್ಚಲಿ, ಇಲ್ಲವಾದರೆ ಸದ್ದೇ ಸುಳಿವು ಕೊಟ್ಟುಬಿಡುತ್ತದೆ. ಹತ್ತರಲ್ಲಿ ಒಂಬತ್ತು ಸಲ ಸರಿ ಹೇಳಿದರೆ ವ್ಯತ್ಯಾಸ ಇದೆಯೆಂದು ಒಪ್ಪಬಹುದು, ಏಕೆಂದರೆ ಬರೀ ಊಹೆಯಿಂದ ಅಷ್ಟು ಸರಿಹೋಗುವ ಸಂಭವ ನೂರಕ್ಕೆ ಒಂದರಷ್ಟು ಮಾತ್ರ. ಆರೇಳು ಸರಿಯಾದರೆ ಏನನ್ನೂ ಹೇಳಲಾಗದು. ಔಟ್‌ಪುಟ್ ಇಂಪಿಡೆನ್ಸ್ ಕಡಿಮೆ ಇದ್ದು, ಬೇಕಾದ ವೋಲ್ಟೇಜನ್ನು ಸಲೀಸಾಗಿ ಕೊಡುವ ಎರಡು ಒಳ್ಳೆಯ ಟ್ರಾನ್ಸಿಸ್ಟರ್ ಆಂಪುಗಳ ನಡುವೆ ನನಗೆ ಈ ಪರೀಕ್ಷೆ ಒಮ್ಮೆಯೂ ದಾಟಲಾಗಿಲ್ಲ. ಟ್ಯೂಬ್ ಆಂಪ್ ಮತ್ತು ಟ್ರಾನ್ಸಿಸ್ಟರ್ ಆಂಪಿನ ನಡುವೆ ಎಚ್‌ಡಿ 650ರಲ್ಲಿ ಹತ್ತಕ್ಕೆ ಹತ್ತು ಹೇಳಿದ್ದೇನೆ.

ಆದುದರಿಂದ ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ, ಹಣದ ದೊಡ್ಡ ಪಾಲನ್ನು ಹೆಡ್‌ಫೋನಿಗೇ ಇಡಿ ಎಂಬುದು. ಎರಡು ಹೆಡ್‌ಫೋನ್‌ಗಳ ನಡುವಿನ ವ್ಯತ್ಯಾಸವನ್ನು ಗುರುತಿಸಲು ಯಾವ ನಾಣ್ಯವೂ ಬೇಕಾಗುವುದಿಲ್ಲ. ಗಟ್ಟಿದನಿಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್, ವಾರಕ್ಕೆ 40 ಗಂಟೆ. ಶಕ್ತಿಯುಳ್ಳ ಆಂಪ್ ಮನೆಗೆ ಬಂದ ಮೇಲೆ ಅದನ್ನು ಮರೆಯುವುದು ಬಹಳ ಸುಲಭ. ಹೆಡ್‌ಫೋನ್ ಬದಲಿಸಿದಾಗಲೆಲ್ಲ ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ಗೇನ್ ಸ್ವಿಚ್ಚನ್ನು (ಎಷ್ಟು ಪಟ್ಟು ಹಿಗ್ಗಿಸಬೇಕೆಂದು ಆರಿಸುವ ಸ್ವಿಚ್) ಕೆಳಗಿಟ್ಟು, ಆಮೇಲೆ ಚುಚ್ಚಿರಿ. ಹಳೆಯ ಆಂಪ್ ಮಂಕಾಗಿದೆ ಎನಿಸಿದರೆ ಅದನ್ನು ಮಾರುವ ಮೊದಲು ಇಯರ್ ಪ್ಯಾಡ್ ತೆಗೆದು ನೋಡಿ. ಎರಡು ಬೇಸಿಗೆಯ ಬೆವರು ಕುಡಿದು ಚಪ್ಪಟೆಯಾದ ಪ್ಯಾಡ್ ಕಿವಿಗೂ ಡ್ರೈವರಿಗೂ ನಡುವಿನ ಅಂತರವನ್ನೇ ಬದಲಿಸಿರುತ್ತದೆ, ಆ ಬದಲಾವಣೆ ಯಾವ ಮೀಟರೂ ಬೇಕಾಗದಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ಹೊಸ ಜೋಡಿ ಪ್ಯಾಡ್ ಹಾಕಿ ಒಂದು ವಾರ ಕೇಳಿ, ಆಮೇಲೆ ಆಂಪಿನ ಮಾತು ಎತ್ತಿರಿ.