ಜಿಂಕೆ ಹಿಕ್ಕೆಯಲ್ಲಿ ಜಾಲಿ ಸಸಿ ಹುಡುಕಿದ್ದು

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹತ್ತಿರ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇದೆ. ಬರೀ 798 ಎಕರೆ. ಜಿಂಕೆಗಳು ಅಷ್ಟರಲ್ಲೇ ಇರುವುದಿಲ್ಲ, ಸುತ್ತಲಿನ ಗೋಮಾಳ, ಬೀಳು ಹೊಲಗಳಿಗೂ ಮೇಯಲು ಬರುತ್ತವೆ. ಅಂಥ ಒಂದು ಗೋಮಾಳದಲ್ಲಿ ನಾನು ಕೆಲಸ ಮಾಡಿದೆ. ಹುಲ್ಲಿದ್ದ ಜಾಗಕ್ಕೆಲ್ಲ ಬಳ್ಳಾರಿ ಜಾಲಿ ನುಗ್ಗುತ್ತಿತ್ತು. ಹೊರದೇಶದಿಂದ ತಂದು ನೆಟ್ಟ ಈ ಗಿಡ ಇಲ್ಲಿ ಹೇಗೆ ಹಬ್ಬುತ್ತಿದೆ ಅಂತ ತಿಳಿಯಬೇಕಿತ್ತು.

ಮೊದಲ ವರ್ಷ ಪೂರ್ತಿ ವ್ಯರ್ಥವಾಯಿತು ಅಂತಲೇ ಹೇಳಬೇಕು. ಹೋಗಿದ್ದು ಏಪ್ರಿಲ್‌ನಲ್ಲಿ. ಒಂದು ಮೀಟರ್ ಉದ್ದಗಲದ ಪೈಪಿನ ಚೌಕಟ್ಟು ಹಿಡಿದು, ಸಿಕ್ಕ ಸಿಕ್ಕ ಕಡೆ ಇಟ್ಟು, ಒಳಗಿದ್ದ ಗಿಡ ಎಣಿಸಿದೆ. ಹುಲ್ಲೆಲ್ಲ ಒಣಗಿ ಕರಡವಾಗಿತ್ತು, ಯಾವುದು ಸತ್ತಿದೆ, ಯಾವುದರ ಬುಡದಲ್ಲಿ ಜೀವ ಇದೆ ಅಂತ ಗೊತ್ತಾಗುತ್ತಿರಲಿಲ್ಲ. ಗುರುತಿಗೆ ಕಟ್ಟಿದ್ದ ಕೆಂಪು ಬಟ್ಟೆ ಚೂರುಗಳನ್ನು ದನಗಳು ಕಿತ್ತು ಹಾಕಿದ್ದವು. ಆಮೇಲೆ ತಗಡಿನ ಬಿಲ್ಲೆಗೆ ನಂಬರ್ ಕೊರೆದು, ಮೊಳೆ ಹೊಡೆದು ನೆಲಕ್ಕೆ ಕೂರಿಸಿದೆ. ಅದು ಉಳಿಯಿತು.

ದಾರಿ ತೋರಿಸಿದ್ದು ಕುರಿ ಕಾಯುವ ಒಬ್ಬ ಹಿರಿಯರು. "ಸುಮ್ನೆ ಎಲ್ಲೆಲ್ಲೋ ಎಣಿಸ್ತೀರಲ್ಲ ಸ್ವಾಮಿ, ನಮ್ಮ ಕುರಿ ರೊಪ್ಪದಾಗೆ ನೋಡ್ರಿ, ಮಳೆ ಬಿದ್ದರೆ ಎಲ್ಲಾ ಜಾಲಿನೇ," ಅಂದರು. ಕುರಿ ಜಾಲಿ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಬಿಡುತ್ತದೆ ಅಂದಮೇಲೆ ಜಿಂಕೆಯೂ ಬಿಡಲೇಬೇಕು, ಅಲ್ವಾ? ಗಂಡು ಕೃಷ್ಣಮೃಗ ತನ್ನ ಗಡಿ ಗುರುತಿಸಲು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ. ಅಲ್ಲಿ ಗುಡ್ಡೆ ಬೀಳುತ್ತದೆ. ಗುಜರಾತಿನ ವೇಳಾವದರ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನದಲ್ಲಿ ಸಂಶೋಧಕರು ಇಂಥ ಗುಡ್ಡೆಗಳಿಗೂ ಜಾಲಿ ಹಬ್ಬುವುದಕ್ಕೂ ಇರುವ ನಂಟನ್ನು ತೋರಿಸಿದ್ದಾರೆ.

ಮುಂದಿನ ವರ್ಷ ಬೇಸಿಗೆಯಲ್ಲೇ ಗುಡ್ಡೆಗಳನ್ನು ಗುರುತು ಮಾಡಿಟ್ಟೆ. ಪ್ರತಿ ಗುಡ್ಡೆಗೂ ಹತ್ತು ಹೆಜ್ಜೆ ದೂರದಲ್ಲಿ ಹಿಕ್ಕೆ ಇಲ್ಲದ ಒಂದು ಜಾಗವನ್ನೂ ಆರಿಸಿಕೊಂಡೆ. ಈ ಜೋಡಿ ಬಹಳ ಮುಖ್ಯ. ಇಲ್ಲದಿದ್ದರೆ ಗುಡ್ಡೆಯಲ್ಲಿ ಕಂಡ ಸಸಿ ಹಿಕ್ಕೆಯಿಂದ ಬಂತೋ, ಆ ಮಣ್ಣೇ ಹಾಗೋ ಹೇಳೋಕಾಗಲ್ಲ. ಈ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ಮಳೆ ಬಿದ್ದು ಹದಿನೈದು ದಿನ ಬಿಟ್ಟು ಹೋದೆ. ಹಿಕ್ಕೆ ಒತ್ತಾಗಿ ಬಿದ್ದಿದ್ದ ನಡುವೆ ಸಸಿ ಕಡಿಮೆ, ಅಂಚಿನಲ್ಲಿ ಹಿಕ್ಕೆ ಪುಡಿಯಾಗಿ ಮಣ್ಣಿಗೆ ಬೆರೆತ ಕಡೆ ಜಾಸ್ತಿ. ಮೊದಲು ನಡುವಿಗೆ ಮಾತ್ರ ಚೌಕಟ್ಟು ಇಡುತ್ತಿದ್ದೆ, ಹಾಗೇ ಮಾಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಜೋಡಿ ಜಾಗಗಳಲ್ಲಿ ಹೆಚ್ಚಿನವು ಖಾಲಿ.

ಮನೆಯಲ್ಲಿ ಲೋಟಗಳಲ್ಲೂ ಬಿತ್ತಿ ನೋಡಿದೆ. ಕಾಯಿಯಿಂದ ಬಿಡಿಸಿದ ಬೀಜ ಹಾಗೇ ಹಾಕಿದರೆ ವಾರಗಟ್ಟಲೆ ಕದಲಲಿಲ್ಲ, ಸಿಪ್ಪೆ ಅಷ್ಟು ಗಟ್ಟಿ. ಮರಳು ಕಾಗದದಲ್ಲಿ ಸ್ವಲ್ಪ ಉಜ್ಜಿ ಹಾಕಿದ್ದು ಕೆಲವೇ ದಿನಕ್ಕೆ ಮೊಳೆಯಿತು.

ನಾವು ಕಾಪಾಡಬೇಕಾದ ಪ್ರಾಣಿಯೇ ತನ್ನ ಹುಲ್ಲುಗಾವಲನ್ನು ಮುಚ್ಚುವ ಗಿಡವನ್ನು ಹೊತ್ತು ತರುತ್ತಿದೆ ಅನ್ನೋದು ನನಗೆ ತುಂಬಾ ಸಂಕಟ ತಂದಿತು. ಜಿಂಕೆಯದೇನೂ ತಪ್ಪಿಲ್ಲ, ಬೇಸಿಗೆಯಲ್ಲಿ ಸಿಹಿಯಾದ ಕಾಯಿ ಉದುರಿ ಬಿದ್ದಿದ್ದರೆ ತಿನ್ನದೆ ಇನ್ನೇನು ಮಾಡೀತು. ಅದಕ್ಕೇ ಈಗ ಊರಿನವರ ಜೊತೆ ಮಾತಾಡುವಾಗ ಎರಡೇ ವಿಷಯ ಹೇಳುತ್ತೇನೆ: ಕಾಯಿ ಬಿಡುವ ದೊಡ್ಡ ಮರಗಳನ್ನು ಬೇಸಿಗೆಗೆ ಮೊದಲೇ ಬುಡಸಮೇತ ತೆಗೆಯಬೇಕು, ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ. ಹಿಕ್ಕೆ ಗುಡ್ಡೆಯ ಸಸಿಗಳನ್ನು ಮಳೆಗಾಲದಲ್ಲಿ, ನೆಲ ಹಸಿಯಿದ್ದು ಬೇರು ಇನ್ನೂ ಬೆರಳುದ್ದ ಇರುವಾಗಲೇ ಕೀಳಬೇಕು.