ಹೊರಗೆ ಕಕ್ಕಡದ ಮಳೆ, ಮಡಿಲಲ್ಲಿ ನೆರಿಗೆ ಕುಷನ್

ಕಕ್ಕಡ ಬಂತೆಂದರೆ ಮಡಿಕೇರಿ ಕಡೆಯ ಮನೆಗಳಲ್ಲಿ ಎರಡು ಸಂಗತಿ ಖಾತರಿ. ಒಗೆದ ಬಟ್ಟೆ ಒಣಗುವುದಿಲ್ಲ, ಬಂದ ಕರೆಂಟು ಉಳಿಯುವುದಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳಲ್ಲಿ ಮದುವೆಯ ಓಡಾಟವೂ ಇರುವುದಿಲ್ಲ. ಗದ್ದೆಯಿಂದ ನೆನೆದು ಬಂದು ಬಿಸಿ ಕಾಫಿ ಕುಡಿದ ಮೇಲೆ ಕೈ ಸುಮ್ಮನಿರಲು ಒಪ್ಪದವರಿಗೆ ಒಂದು ಕೆಲಸವಿದೆ. ಅದಕ್ಕೆ ಹೊಲಿಗೆ ಯಂತ್ರ ಬೇಡ, ಕರೆಂಟು ಬೇಡ, ಕಿಟಕಿಯ ಬೆಳಕು ಸಾಕು: ಸ್ಮಾಕಿಂಗ್ ಕುಷನ್. ಈಗ ಶುರು ಮಾಡಿದರೆ ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬಕ್ಕೆ ನೆಂಟರು ಬರುವಷ್ಟರಲ್ಲಿ ಸೋಫಾದ ಮೇಲೆ ಕುಳಿತಿರುತ್ತದೆ.

ಸ್ಮಾಕಿಂಗ್ ಎಂದೊಡನೆ ನೆನಪಾಗುವುದು ಪುಟ್ಟ ಹುಡುಗಿಯರ ಫ್ರಾಕಿನ ಎದೆಯ ಮೇಲಿನ ಜೇನುಗೂಡಿನಂಥ ನೆರಿಗೆ. ಇಂಗ್ಲೆಂಡಿನ ಹೊಲಗಳಲ್ಲಿ ದುಡಿಯುವವರು 18 ಮತ್ತು 19ನೇ ಶತಮಾನಗಳಲ್ಲಿ ತೊಡುತ್ತಿದ್ದ ಸ್ಮಾಕ್ ಎಂಬ ದೊಗಲೆ ಮೇಲಂಗಿಯಿಂದ ಈ ಹೆಸರು ಬಂತು. ಎಲಾಸ್ಟಿಕ್ ಇಲ್ಲದ ಕಾಲದಲ್ಲಿ ಮಣಿಕಟ್ಟು ಬಿಗಿಯಾಗಿಯೂ ಇರಬೇಕು, ಕೈ ಚಾಚಿದರೆ ಹಿಗ್ಗಲೂ ಬೇಕು ಎಂದರೆ ನೆರಿಗೆಯೇ ಉಪಾಯ. ಅಲ್ಲಿ ಹೊಲಿಗೆ ಬಟ್ಟೆಯ ಮುಂಭಾಗದಲ್ಲೇ ಕಾಣುತ್ತದೆ. ಕುಷನ್‌ಗೆ ನಾವು ಮಾಡುವುದು ಅದರ ದಾಯಾದಿ, ಕೆನಡಿಯನ್ ಸ್ಮಾಕಿಂಗ್. ಇದರಲ್ಲಿ ಸೂಜಿ ಓಡಾಡುವುದೆಲ್ಲ ಬಟ್ಟೆಯ ಒಳಮೈಯಲ್ಲಿ. ಬಲಮುರಿಯಲ್ಲಿ ಕಾವೇರಿಯ ರಭಸಕ್ಕೆ ಕೊಡವತಿಯರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂಬ ಐತಿಹ್ಯ ಇಲ್ಲಿ ಎಲ್ಲರಿಗೂ ಗೊತ್ತು. ಈ ಕುಷನ್ನಿನದು ಅದಕ್ಕೆ ತಿರುಗುಮುರುಗು: ನೆರಿಗೆ ಮುಂದೆ, ಅದನ್ನು ಹಿಡಿದಿಟ್ಟ ದಾರ ಮತ್ತು ಗಂಟು ಹಿಂದೆ.

ಬಟ್ಟೆ ಎಷ್ಟು, ಯಾವುದು?

ಒಂದೇ ಬಣ್ಣದ, ತುಸು ಮೈಯಿರುವ ಬಟ್ಟೆ ಒಳ್ಳೆಯದು. ವೆಲ್ವೆಟ್ ಮತ್ತು ಸ್ಯಾಟಿನ್ ಮೇಲೆ ಬೆಳಕು ನೆರಿಗೆಗಳಲ್ಲಿ ಏರಿಳಿಯುವುದು ಚೆಂದ. ಆದರೆ ಮೊದಲ ಸಲವೇ ಸ್ಯಾಟಿನ್ ಹಿಡಿಯಬೇಡಿ, ಅದು ಕೈಯಿಂದ ಮೀನಿನಂತೆ ಜಾರುತ್ತದೆ. ದಪ್ಪ ಪಾಪ್ಲಿನ್ ಅಥವಾ ಪರದೆಗೆ ಬಳಸುವ ಕೇಸ್‌ಮೆಂಟ್ ಬಟ್ಟೆಯಿಂದ ಶುರು ಮಾಡಿ. ದೊಡ್ಡ ಹೂವಿನ ಪ್ರಿಂಟ್ ಬೇಡ, ನೆರಿಗೆಯಲ್ಲಿ ಹೂವೂ ಕಾಣುವುದಿಲ್ಲ, ನೆರಿಗೆಯೂ ಕಾಣುವುದಿಲ್ಲ. ಹತ್ತಿ ಬಟ್ಟೆಯಾದರೆ ಮೊದಲೇ ಒಮ್ಮೆ ನೀರಿಗೆ ಹಾಕಿ ಒಣಗಿಸಿಕೊಳ್ಳಿ. ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದರೆ ಹೊಗೆಯ ವಾಸನೆ ಕುಷನ್‌ಗೂ ಬರುತ್ತದೆ ಎಂಬುದು ನೆನಪಿರಲಿ.

ನೆರಿಗೆ ಹಿಡಿದಾಗ ಬಟ್ಟೆ ಬಹಳ ಕುಗ್ಗುತ್ತದೆ. 16 ಇಂಚಿನ ಚೌಕ ಕುಷನ್‌ನ ಮುಂಭಾಗಕ್ಕೆ ನಾನು 30 ಇಂಚಿನ ಚೌಕ ತುಂಡು ತೆಗೆದುಕೊಳ್ಳುತ್ತೇನೆ. ಎಷ್ಟು ಕುಗ್ಗುತ್ತದೆ ಎಂಬುದು ಬಟ್ಟೆಯ ದಪ್ಪ ಮತ್ತು ನಿಮ್ಮ ಕೈಯ ಬಿಗಿಯನ್ನು ಅವಲಂಬಿಸಿರುವುದರಿಂದ, 12 ಇಂಚಿನ ಒಂದು ಚೂರಿನಲ್ಲಿ ಮೊದಲು ಮಾದರಿ ಮಾಡಿ ಅಳೆದು ನೋಡುವುದು ಜಾಣತನ. ಬೇಸರವೆನಿಸಿದರೂ ಮಾಡಿ.

ಗೆರೆ ಹಾಕುವ ಕಷ್ಟವೇಕೆ, ಚೌಕಳಿ ಬಟ್ಟೆಯಲ್ಲಿ ಮನೆ ಸಿದ್ಧವೇ ಇದೆಯಲ್ಲ ಎಂದು ನಾನು ಮೊದಲ ಸಲ ಮನೆಯವರ ಹಳೆಯ ಲುಂಗಿಯನ್ನು ಕತ್ತರಿಸಿದೆ. ಎರಡು ಸಂಜೆ ಹೊಲಿದ ಮೇಲೆ ಗೊತ್ತಾಯಿತು, ಆ ಚೌಕಳಿಗಳು ಚೌಕವೇ ಅಲ್ಲ. ಅಗಲ ಒಂದಿಂಚಿದ್ದರೆ ಉದ್ದ ಒಂದೂಕಾಲು. ನೆರಿಗೆಯೆಲ್ಲ ಒಂದೇ ಕಡೆ ವಾಲಿತು. ಅತ್ತೆ ಬಂದು ನೋಡಿ, "ಲುಂಗಿಯೂ ಹೋಯಿತು, ಕುಷನ್ನೂ ಆಗಲಿಲ್ಲವಲ್ಲ ಮಗಳೇ" ಎಂದರು. ಚೌಕಳಿ ಬಟ್ಟೆ ಬಳಸುವವರು ಎರಡೂ ದಿಕ್ಕಿನಲ್ಲಿ ಟೇಪು ಹಿಡಿದು ನೋಡಿಯೇ ಕತ್ತರಿ ಹಾಕಿ.

ಚುಕ್ಕಿ ಇಡುವುದು

ಬಟ್ಟೆಯ ಒಳಮೈ ಮೇಲೆ ಬರುವಂತೆ ಮೇಜಿನ ಮೇಲೆ ಹರಡಿ. ನಾಲ್ಕೂ ಬದಿಯಲ್ಲಿ ಎರಡೆರಡು ಇಂಚು ಬಿಟ್ಟರೆ ನಡುವೆ 26 ಇಂಚು ಉಳಿಯುತ್ತದೆ. ಅಲ್ಲಿ ಅಡ್ಡಕ್ಕೂ ಉದ್ದಕ್ಕೂ ಒಂದಿಂಚಿಗೊಂದರಂತೆ ಚುಕ್ಕಿ ಇಡಿ. ಒಂದು ಸಾಲಿಗೆ 27 ಚುಕ್ಕಿ, ಅಂಥ 27 ಸಾಲು. ರಂಗೋಲಿ ಹಾಕುವವರಿಗೆ ಇದು ಹೊಸದೇನಲ್ಲ, ಇಲ್ಲಿ ಚುಕ್ಕಿ ಸೇರಿಸುವುದು ದಾರದಿಂದ ಅಷ್ಟೆ. ಮಳೆಗಾಲದ ತೇವಕ್ಕೆ ಸೀಮೆಸುಣ್ಣ ಒರೆಸಿ ಹೋಗುತ್ತದೆ, ನೀರಿಗೆ ಮಾಯವಾಗುವ ಪೆನ್ನಿನ ಗುರುತು ಹರಡಿಕೊಳ್ಳುತ್ತದೆ. ಹೇಗೂ ಒಳಮೈ ತಾನೆ, ಮೊನೆ ಮಾಡಿದ ಪೆನ್ಸಿಲ್ಲೇ ವಾಸಿ. ತೆಳು ಬಟ್ಟೆಯಾದರೆ ಮುಂದಕ್ಕೆ ಕಾಣದಷ್ಟು ಹಗುರವಾಗಿ ಒತ್ತಿ.

ಎಳೆಯುವ ಗಂಟು, ಬಿಡುವ ಗಂಟು

ದಾರ ಬಟ್ಟೆಯ ಬಣ್ಣದ್ದೇ ಇರಲಿ, ಗಟ್ಟಿಯಾದ ಪಾಲಿಯೆಸ್ಟರ್ ದಾರವಾಗಿರಲಿ. ಎರಡೆಳೆ ಮಾಡಿ, ಕೈಯಳತೆಗಿಂತ ಉದ್ದ ಬೇಡ. ಜೇನುಮೇಣದ ತುಣುಕಿನ ಮೇಲೆ ದಾರವನ್ನು ಎರಡು ಸಲ ಎಳೆದರೆ ಸಿಕ್ಕಾಗುವುದಿಲ್ಲ. ಜೇನಿನ ನಾಡಿನಲ್ಲಿ ಮೇಣಕ್ಕೆ ಬರವಿಲ್ಲ, ಪಕ್ಕದ ಮನೆಯಲ್ಲಿ ಜೇನು ಪೆಟ್ಟಿಗೆ ಇದ್ದರೆ ಕೇಳಿ. ಸೂಜಿ ಸಾಧಾರಣದ್ದು ಸಾಕು. ಕಾಫಿ ಚೀಲ ಹೊಲಿಯುವ ದಬ್ಬಣವನ್ನು ಹತ್ತಿರಕ್ಕೂ ತರಬೇಡಿ.

ಈಗ ಎಡತುದಿಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ಮೂರು ಕಂಬ ಚುಕ್ಕಿಗಳನ್ನು ಮಾತ್ರ ನೋಡಿ: ಎಡ, ನಡು, ಬಲ. ಮೇಲಿನಿಂದ ಮೊದಲ ಸಾಲಿನ ನಡುಚುಕ್ಕಿ ಒಂದು. ಎರಡನೇ ಸಾಲಿನ ಎಡಚುಕ್ಕಿ ಎರಡು, ಅದೇ ಸಾಲಿನ ನಡುಚುಕ್ಕಿ ಮೂರು. ಮೂರನೇ ಸಾಲಿನ ಬಲಚುಕ್ಕಿ ನಾಲ್ಕು, ಅದೇ ಸಾಲಿನ ನಡುಚುಕ್ಕಿ ಐದು. ನಾಲ್ಕನೇ ಸಾಲಿನ ಎಡಚುಕ್ಕಿ ಆರು. ಹೀಗೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ವಾಲುತ್ತಾ, ಪ್ರತಿ ಸಲ ನಡುವಿಗೆ ಮರಳುತ್ತಾ ಕೆಳಗಿಳಿಯಬೇಕು. ಒಂದು ಮತ್ತು ಎರಡು ಸೇರುತ್ತವೆ, ಮೂರು ಮತ್ತು ನಾಲ್ಕು ಸೇರುತ್ತವೆ, ಐದು ಮತ್ತು ಆರು ಸೇರುತ್ತವೆ. ಎರಡರಿಂದ ಮೂರಕ್ಕೆ, ನಾಲ್ಕರಿಂದ ಐದಕ್ಕೆ ದಾರ ಸುಮ್ಮನೆ ದಾಟುತ್ತದೆ.

ಒಂದನೇ ಚುಕ್ಕಿಯಲ್ಲಿ ಸೂಜಿಯ ತುದಿಯಿಂದ ಬಟ್ಟೆಯ ಎರಡು ಮೂರು ಎಳೆ ಮಾತ್ರ ಎತ್ತಿ, ಅದೇ ಜಾಗದಲ್ಲಿ ಇನ್ನೊಮ್ಮೆ ಚುಚ್ಚಿ ದಾರ ಭದ್ರಪಡಿಸಿ. ಎರಡನೇ ಚುಕ್ಕಿಯಲ್ಲೂ ಅಷ್ಟೇ ಎತ್ತಿ ದಾರ ಎಳೆಯಿರಿ. ಎರಡು ಚುಕ್ಕಿಗಳೂ ಮುತ್ತಿಕ್ಕಿಕೊಳ್ಳುವಷ್ಟು ಹತ್ತಿರ ಬರಬೇಕು. ಅಲ್ಲೇ ಇನ್ನೊಂದು ಚಿಕ್ಕ ಹೊಲಿಗೆ ಹಾಕಿ, ಉಂಗುರವಾಗಿ ಉಳಿದ ದಾರದೊಳಗೆ ಸೂಜಿ ತೂರಿಸಿ ಬಿಗಿಯಿರಿ. ಇದು ಎಳೆಯುವ ಗಂಟು.

ಮೂರನೆಯದಕ್ಕೆ ಬನ್ನಿ. ಹೊಸಬರೆಲ್ಲ ತಪ್ಪುವುದು ಇಲ್ಲಿಯೇ. ಎರಡರ ಗಂಟಿನಿಂದ ಮೂರರವರೆಗೆ ಬಟ್ಟೆಯನ್ನು ಎಡಗೈ ಬೆರಳುಗಳಲ್ಲಿ ಚಪ್ಪಟೆಯಾಗಿ ಹಿಡಿಯಿರಿ. ಮೂರರಲ್ಲಿ ಎರಡು ಎಳೆ ಎತ್ತಿ ಸೂಜಿ ಹೊರಗೆ ತೆಗೆಯಿರಿ, ಆದರೆ ದಾರ ಎಳೆಯಬೇಡಿ. ನಡುವಿನ ದಾರ ಬಟ್ಟೆಯ ಮೇಲೆ ಸೊಟ್ಟಾಗದೆ ಬಿದ್ದಿರಲಿ, ಕೂದಲೆಳೆಯಷ್ಟು ಸಡಿಲವಿದ್ದರೂ ಸರಿ. ಹೆಬ್ಬೆರಳಿನಿಂದ ಆ ದಾರವನ್ನು ಒತ್ತಿ ಹಿಡಿದುಕೊಂಡೇ ಮೂರರ ಮೇಲೆ ಗಂಟು ಬಿಗಿಯಿರಿ. ಇದು ಬಿಡುವ ಗಂಟು. ಹೆಬ್ಬೆರಳು ಸ್ವಲ್ಪ ಎದ್ದರೂ ಎರಡು ಮೂರರ ನಡುವೆ ಬಟ್ಟೆ ಮುದುಡುತ್ತದೆ. ಆಮೇಲೆ ಮುಂಭಾಗದಲ್ಲಿ ಹೆಣೆದ ಚಾಪೆಯಂತೆ ಕಾಣಬೇಕಾದದ್ದು ಉಂಡೆಗಟ್ಟಿದ ಕರವಸ್ತ್ರದಂತೆ ಕಾಣುತ್ತದೆ. ಮುದುಡಿದ್ದು ಕಂಡರೆ ಆಗಲೇ ಬಿಚ್ಚಿ. ಹತ್ತು ಗಂಟು ದಾಟಿದ ಮೇಲೆ ಬಿಚ್ಚುವುದೆಂದರೆ ಕತ್ತರಿಯ ತುದಿಯಲ್ಲಿ ಬಟ್ಟೆಗೂ ತೂತು ಖಚಿತ.

ಕೆಳತುದಿ ತಲುಪಿದರೆ ಒಂದು ಪಟ್ಟಿ ಮುಗಿಯಿತು. ಮುಂದಿನ ಪಟ್ಟಿಗೆ ಈ ಪಟ್ಟಿಯ ಬಲಗಂಬವೇ ಎಡಗಂಬ. ಅಲ್ಲಿ ಬಳಸದೆ ಉಳಿದ ಚುಕ್ಕಿಗಳು ಈಗ ಬಳಕೆಗೆ ಬರುತ್ತವೆ. ಒಟ್ಟು 13 ಪಟ್ಟಿ, ಪಟ್ಟಿಗೆ 26 ಎಳೆತ, ಅಂದರೆ 338 ಸಲ ಬಟ್ಟೆ ಕೂಡಿಸಬೇಕು. ನನಗೆ ಒಂದು ಪಟ್ಟಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ದಿನಕ್ಕೊಂದು ಪಟ್ಟಿ ಹಿಡಿದರೆ ಎರಡು ವಾರ. ಮೊದಲ ಮೂರು ಪಟ್ಟಿಯವರೆಗೆ ಮುಂಭಾಗ ತಿರುಗಿಸಿ ನೋಡಬೇಡಿ, ಏನೂ ಕಾಣದೆ ನಿರಾಸೆಯಾಗುತ್ತದೆ. ನಾಲ್ಕನೆಯದರ ಹೊತ್ತಿಗೆ ಹೆಣಿಗೆ ಒಂದಕ್ಕೊಂದು ಸಿಕ್ಕಿಕೊಳ್ಳಲು ಶುರುವಾಗುತ್ತದೆ.

ಕುಷನ್ ಆಗುವುದು

ಮುಗಿದ ತುಂಡನ್ನು ಮುಂಭಾಗ ಮೇಲೆ ಮಾಡಿ ಹರಡಿ, ಬೆರಳಿನಿಂದ ಒಂದೊಂದೇ ನೆರಿಗೆ ಕೂರಿಸಿ. ಇಸ್ತ್ರಿ ಪೆಟ್ಟಿಗೆ ತಾಗಿಸಲೇಬೇಡಿ. ತೀರಾ ಮುದುಡಿದ್ದರೆ ಕುದಿಯುವ ಪಾತ್ರೆಯ ಆವಿಯನ್ನು ದೂರದಿಂದ ತೋರಿಸಿದರೆ ಸಾಕು. ಅಂಚಿನಲ್ಲಿ ಉಳಿದ ನೆರಿಗೆಗಳನ್ನು ಒಂದೇ ದಿಕ್ಕಿಗೆ ಮಡಿಸಿ ಸುತ್ತಲೂ ಕಚ್ಚಾ ಹೊಲಿಗೆ ಹಾಕಿ.

ಈಗ ಅಳೆಯಿರಿ. 17 ಇಂಚು ಬಂದರೆ ಅಂಚಿನ ಹೊಲಿಗೆಗೆ ಅರ್ಧರ್ಧ ಇಂಚು ಹೋಗಿ 16 ಉಳಿಯುತ್ತದೆ. ಹೆಚ್ಚು ಕಡಿಮೆಯಾಗಿದ್ದರೆ ಬಂದ ಅಳತೆಯೇ ನಿಮ್ಮ ಕುಷನ್‌ನ ಅಳತೆ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಅದೇ ಅಳತೆಯ ಸಾದಾ ಹತ್ತಿ ಬಟ್ಟೆಯನ್ನು ಒಳಗಿನಿಂದ ಲೈನಿಂಗ್ ಕೊಡಿ. ಇದನ್ನು ಬಿಟ್ಟರೆ ಯಾರಾದರೂ ಒರಗಿ ಕುಳಿತಾಗ ಭಾರವೆಲ್ಲ ಗಂಟುಗಳ ಮೇಲೆ ಬಿದ್ದು ಒಂದೊಂದೇ ಸಡಿಲವಾಗುತ್ತವೆ.

ಹಿಂಭಾಗಕ್ಕೆ ಝಿಪ್ ಬೇಡ. 17 ಇಂಚು ಉದ್ದ, 12 ಇಂಚು ಅಗಲದ ಎರಡು ತುಂಡು ತೆಗೆದುಕೊಂಡು, ಎರಡರಲ್ಲೂ ಒಂದು ಉದ್ದದ ಅಂಚನ್ನು ಒಂದಿಂಚು ಮಡಿಸಿ ಹೆಮ್ಮಿಂಗ್ ಮಾಡಿ. ದಿಂಬಿನ ಚೀಲದಂತೆ ಒಂದರ ಮೇಲೊಂದು ಐದು ಇಂಚು ಬರುವ ಹಾಗೆ ಇಟ್ಟು, ಮುಂಭಾಗದೊಂದಿಗೆ ಹೊರಮೈಗೆ ಹೊರಮೈ ಸೇರಿಸಿ, ಅಂಚಿನಿಂದ ಅರ್ಧ ಇಂಚು ಒಳಗೆ ಸುತ್ತಲೂ ಹಿಂದುಹೊಲಿಗೆ ಹಾಕಿ. ಮೂಲೆಗಳಲ್ಲಿ ಎರಡು ಸಲ. ಕಚ್ಚಾ ದಾರ ಬಿಚ್ಚಿ ತಿರುಗಿಸಿ.

ಒಳಗೆ ತುಂಬುವುದಕ್ಕೆ ಊರಿನ ಹಿರಿಯರು ಹತ್ತಿಯನ್ನೇ ಹೇಳುತ್ತಾರೆ. ನಮ್ಮ ಮಳೆಯಲ್ಲಿ ಹತ್ತಿ ತೇವ ಹೀರಿ ಗಂಟುಗಟ್ಟಿ, ಬೂಷ್ಟು ಹಿಡಿದು ನಾರುತ್ತದೆ. ಬಟ್ಟೆ ಅಂಗಡಿಯಲ್ಲಿ ಸಿಗುವ ಫೈಬರ್ ಅರ್ಧ ಕಿಲೋ ಆಸುಪಾಸು ಸಾಕು. ಅದನ್ನು ಪ್ರತ್ಯೇಕ ಸಾದಾ ಚೀಲದಲ್ಲಿ ತುಂಬಿ, ಆ ಚೀಲ ಕವರಿಗಿಂತ ಒಂದಿಂಚು ದೊಡ್ಡದಿರಲಿ, ನೆರಿಗೆ ಉಬ್ಬಿ ಕೂರುತ್ತದೆ. ಒಗೆಯುವಾಗ ಕವರನ್ನು ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಆ ಒಗೆತವನ್ನೂ ಬಿಸಿಲು ಬರುವ ತುಲಾ ಸಂಕ್ರಮಣದ ಆಚೆಗೆ ಇಟ್ಟುಕೊಳ್ಳಿ. ಅಲ್ಲಿಯವರೆಗೆ ನೆರಿಗೆಯ ದೂಳು ತೆಗೆಯಲು ಮೃದುವಾದ ಹಲ್ಲುಜ್ಜುವ ಬ್ರಷ್ ಸಾಕು.