ಎಐಗೆ ಆಫೀಸ್ ಕೆಲಸ ಹೇಳುವುದು ಹೇಗೆ?

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್ ಎಂದುಕೊಳ್ಳಿ. ಹಳೇ ಗಿರಾಕಿಯೊಬ್ಬರಿಂದ 1,84,000 ರೂಪಾಯಿ ಬರಬೇಕು. ಚಾಟ್‌ಜಿಪಿಟಿಯನ್ನೋ ಜೆಮಿನಿಯನ್ನೋ ತೆರೆದು ‘ಬಾಕಿ ಹಣ ಕೇಳಿ ಒಂದು ಪತ್ರ ಬರೆದುಕೊಡು’ ಎಂದರೆ ಪತ್ರವೇನೋ ತಕ್ಷಣ ಬರುತ್ತದೆ. ಆದರೆ ಅದನ್ನು ಯಾರು ಯಾರಿಗೆ ಬೇಕಾದರೂ ಕಳಿಸಬಹುದು. ಆ ಗಿರಾಕಿ ಎಷ್ಟು ಹಳಬರು, ಅವರ ಹತ್ತಿರ ಎಷ್ಟು ಖಡಕ್ಕಾಗಿ ಮಾತಾಡಬಹುದು ಅನ್ನುವುದು ನಿಮಗೆ ಗೊತ್ತು, ಎಐಗೆ ಗೊತ್ತಿಲ್ಲ. ಅದನ್ನೇ ಬರೆದು ಹೇಳಬೇಕು.

ಓದುವವರು ಯಾರು, ಓದಿದ ಮೇಲೆ ಅವರು ಏನು ಮಾಡಬೇಕು ಅನ್ನುವುದರಿಂದ ಶುರು ಮಾಡಿ. ಹೀಗೆ:

‘ನಾವು ಬಿಡಿಭಾಗ ತಯಾರಿಸುವ ಸಣ್ಣ ಘಟಕ. ಈ ಗಿರಾಕಿ ಹಳಬರು, ಮುಂದೆಯೂ ಅವರ ಆರ್ಡರ್ ಬೇಕು. 1,84,000 ರೂಪಾಯಿಯ ಬಿಲ್ ಕೊಟ್ಟು 60 ದಿನ ಆಯಿತು. ಅವರ ಅಕೌಂಟ್ಸ್ ಮ್ಯಾನೇಜರ್‌ಗೆ ಇಮೇಲ್ ಬರೆದುಕೊಡು. ಹಣ ಯಾವ ದಿನ ಹಾಕುತ್ತೇವೆಂದು ಅವರು ಉತ್ತರ ಬರೆಯಬೇಕು. ಮರ್ಯಾದೆ ಇರಲಿ, ಅಂಗಲಾಚುವುದು ಬೇಡ. ಬಡ್ಡಿ, ಕಾನೂನಿನ ಮಾತು ಈಗ ಬೇಡ. 100 ಪದ ಮೀರಬಾರದು. ಬಿಲ್ ನಂಬರ್, ತಾರೀಖಿನ ಜಾಗ ಖಾಲಿ ಬಿಡು.’

ಇದರಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ‘ಬೇಡ’ ಎಂದು ಹೇಳಿದ ಮಾತುಗಳು. 2006ರ ಎಂಎಸ್‌ಎಂಇಡಿ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ಪ್ರಕಾರ ಕಿರು ಮತ್ತು ಸಣ್ಣ ಘಟಕಗಳ ಬಿಲ್ ಪಾವತಿಗೆ 45 ದಿನಕ್ಕಿಂತ ಜಾಸ್ತಿ ಗಡುವು ಇಡುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಎಐ ಇದನ್ನೆಲ್ಲ ಪತ್ರಕ್ಕೆ ತುರುಕಿದರೆ ಹಳೇ ಸಂಬಂಧ ಕೆಡುತ್ತದೆ, ಅಲ್ವಾ? ಆ ಅಸ್ತ್ರ ಯಾವಾಗ ತೆಗೆಯಬೇಕು ಅನ್ನುವುದು ನಿಮ್ಮ ತೀರ್ಮಾನ. ತೆಗೆಯುವಾಗಲೂ ಎಐ ಬರೆದ ಸೆಕ್ಷನ್ ನಂಬರನ್ನು ಕಾಯ್ದೆಯ ಪ್ರತಿ ಇಟ್ಟುಕೊಂಡೇ ನೋಡಿ. ತಪ್ಪು ನಂಬರನ್ನೂ ಅದು ಧೈರ್ಯವಾಗಿ ಬರೆಯುತ್ತದೆ. ‘ಖಾಲಿ ಬಿಡು’ ಎನ್ನುವುದೂ ಇದಕ್ಕೇ. ಹೇಳದಿದ್ದರೆ ಬಿಲ್ ನಂಬರನ್ನೂ ತಾನೇ ಕಲ್ಪಿಸಿ ಹಾಕಬಹುದು.

ಕನ್ನಡದಲ್ಲಿ ಬರೆಸುವವರಿಗೆ ಇನ್ನೊಂದು ಮಾತು. ಸುಮ್ನೆ ಬಿಟ್ಟರೆ ‘ತಮ್ಮ ಗಮನಕ್ಕೆ ತರಬಯಸುತ್ತೇವೆ’ ಧಾಟಿಯ ಸರ್ಕಾರಿ ಕನ್ನಡ ಬರುವುದೇ ಜಾಸ್ತಿ. ‘ಸರಳ ಕನ್ನಡ’ ಎಂದಷ್ಟೇ ಹೇಳಿದರೆ ಸಾಲದು. ನೀವೇ ಹಿಂದೆ ಬರೆದ ಒಂದು ಮೇಲ್ ಅಂಟಿಸಿ, ‘ಈ ಧಾಟಿಯಲ್ಲಿರಲಿ’ ಅನ್ನಿ. ಅಂಟಿಸುವ ಮೊದಲು ಹೆಸರು, ಫೋನ್, ಪ್ಯಾನ್, ಬ್ಯಾಂಕ್ ಖಾತೆ ನಂಬರ್ ತೆಗೆದುಹಾಕಿ. ಗಿರಾಕಿಯ ವಿವರ ಹೊರಗಿನ ಆ್ಯಪ್‌ಗೆ ಹಾಕಲು ನಿಮ್ಮ ಕಂಪನಿಯಲ್ಲಿ ಒಪ್ಪಿಗೆ ಇದೆಯೇ ಎಂದೂ ಕೇಳಿಕೊಳ್ಳಿ.

ಮೊದಲ ಕರಡು ಹಿಡಿಸದಿದ್ದರೆ ‘ಚೆನ್ನಾಗಿಲ್ಲ, ಇನ್ನೊಂದು ಬರಿ’ ಅನ್ನಬೇಡಿ. ಏನು ಸರಿ ಹೋಗಿಲ್ಲ ಎಂದು ಬೆರಳಿಟ್ಟು ತೋರಿಸಿ: ‘ಎರಡನೇ ವಾಕ್ಯ ಖಾರವಾಯಿತು. ಮೊತ್ತ ಮೊದಲ ಸಾಲಲ್ಲೇ ಬರಲಿ. ಉಳಿದದ್ದು ಹಾಗೇ ಇರಲಿ.’ ನಾಲ್ಕೈದು ಸಲ ತಿದ್ದಿಸಿದರೂ ದಾರಿಗೆ ಬರದಿದ್ದರೆ ಹೊಸ ಚಾಟ್ ತೆರೆದು, ತಿದ್ದುಪಡಿಗಳನ್ನೆಲ್ಲ ಸೇರಿಸಿದ ಸೂಚನೆಯನ್ನು ಒಟ್ಟಿಗೆ ಕೊಡುವುದೇ ವಾಸಿ.

ಕೆಲಸಕ್ಕೆ ಬಂದ ಸೂಚನೆಯನ್ನು ಆಫೀಸಿನ ಎಲ್ಲರಿಗೂ ಸಿಗುವ ಫೈಲ್‌ನಲ್ಲಿ ಇಟ್ಟುಕೊಳ್ಳಿ. ಮುಂದಿನ ತಿಂಗಳು ಬೇರೆ ಗಿರಾಕಿಗೆ ಬರೆಸುವಾಗ ಮೊತ್ತ, ದಿನ, ಸಂಬಂಧದ ಆ ಒಂದೆರಡು ಸಾಲು ಬದಲಿಸಿದರೆ ಆಯಿತು.